ಬೀಗ ಹಾಕಿದ ತೋಟದಲ್ಲಿ ಬದನೆಯ ಬಳಗ

ಕಪ್ಪು ಕಬ್ಬಿಣದ ಗೇಟು. ಅದರ ಮೇಲೆ ತಲೆಬುರುಡೆ, ಅಡ್ಡಡ್ಡ ಇಟ್ಟ ಎರಡು ಮೂಳೆ. ನಮ್ಮೂರ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಕಟ್ಟಿರುತ್ತಾರಲ್ಲ, ಆ ‘ಅಪಾಯ’ದ ತಗಡಿನ ಮೇಲಿರುವುದೂ ಇದೇ ಚಿತ್ರ. ಇಲ್ಲಿಯ ಬರಹ ಮಾತ್ರ ಬೇರೆ: ಈ ಗಿಡಗಳು ಕೊಲ್ಲಬಲ್ಲವು. ಆಗಸ್ಟ್ ತಿಂಗಳ ಕೊನೆಯ ವಾರ, ಬೆಳಗಿನ ಹನ್ನೊಂದು ಗಂಟೆ. ಬಿದ್ದದ್ದೂ ಗೊತ್ತಾಗದಷ್ಟು ಸಣ್ಣ ಸೋನೆ ಹಿಡಿದಿತ್ತು. ಸಾಲಾಗಿ ನಿಂತಿದ್ದೆವು. ಮಾರ್ಗದರ್ಶಿ ಬೀಗ ತೆಗೆಯುವ ಮೊದಲೇ ಮೂರು ಕಟ್ಟಳೆ ಹೇಳಿಬಿಟ್ಟರು: ಮುಟ್ಟಬೇಡಿ, ಮೂಸಬೇಡಿ, ಬಾಯಿಗಿಡಬೇಡಿ. ತಲೆ ಸುತ್ತಿದಂತಾದರೆ ಕೂಡಲೇ ಹೇಳಿ. ಬಿಸಿಲಿನ ದಿನಗಳಲ್ಲಿ ಇಲ್ಲಿ ತಲೆ ತಿರುಗಿ ಬಿದ್ದವರಿದ್ದಾರೆ.

“ದೊಡ್ಡಮ್ಮ, ನಿನ್ನ ಕೈ ಕೋಟಿನ ಜೇಬಲ್ಲೇ ಇರಲಿ,” ಎಂದಳು ತಂಗಿಯ ಮಗಳು. ಅವಳಿಗೆ ನನ್ನ ಚರಿತ್ರೆ ಗೊತ್ತು.

ಇಂಗ್ಲೆಂಡಿನ ಈಶಾನ್ಯದ ಅಂಚು, ನಾರ್ಥಂಬರ್ಲೆಂಡ್ ಸೀಮೆ. ಇನ್ನಷ್ಟು ಉತ್ತರಕ್ಕೆ ಹೋದರೆ ಸ್ಕಾಟ್ಲೆಂಡ್. ಊರಿನ ಹೆಸರನ್ನು ಬರೆಯುವುದು ಆಲ್ನ್‌ವಿಕ್ ಎಂದು, ಕರೆಯುವುದು ‘ಆನಿಕ್’ ಎಂದು. ನನ್ನ ತಂಗಿಯ ಮಗಳು ಓದುತ್ತಿರುವ ನ್ಯೂಕಾಸಲ್‌ನಿಂದ ಸುಮಾರು 55 ಕಿಲೋಮೀಟರ್. ಊರಿಗೆ ಒಂದು ದೊಡ್ಡ ಕೋಟೆಮನೆ ಇದೆ. 1309ರಿಂದ ಅದು ಪರ್ಸಿ ಮನೆತನದ ಕೈಯಲ್ಲಿದೆ. ಹ್ಯಾರಿ ಪಾಟರ್‌ನ ಮೊದಲ ಎರಡು ಸಿನಿಮಾಗಳಲ್ಲಿ ಮಾಂತ್ರಿಕರ ಶಾಲೆಯಾಗಿ ಕಾಣಿಸಿಕೊಂಡದ್ದು ಇದೇ. ಅದರ ಮಗ್ಗುಲಲ್ಲಿ ಪಾಳುಬಿದ್ದಿದ್ದ ತೋಟವನ್ನು ಈ ಮನೆತನದ ಸೊಸೆ, ನಾರ್ಥಂಬರ್ಲೆಂಡಿನ ಡಚೆಸ್ ಜೇನ್ ಪರ್ಸಿ, 1997ರಲ್ಲಿ ಹೊಸದಾಗಿ ಕಟ್ಟಲು ಹೊರಟರು. ಬೆಲ್ಜಿಯಮ್ಮಿನ ವಿರ್ಟ್ಸ್ ಅಪ್ಪ–ಮಗ ಅದಕ್ಕೆ ನಕ್ಷೆ ಮಾಡಿದರು. 2001ರಲ್ಲಿ ತೋಟ ತೆರೆಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿನ ಕಾರಂಜಿ, ಗುಲಾಬಿ, ಚೆರ್ರಿ ಮರಗಳ ತೋಪು, ಎಲ್ಲ ಉಂಟು. ಆದರೆ ಜನ ದೂರದಿಂದ ಹುಡುಕಿಕೊಂಡು ಬರುವುದು 2005ರಲ್ಲಿ ತೆರೆದ ಈ ಬೀಗದ ಮೂಲೆಗೆ. ಅದರ ಹೆಸರು ವಿಷದ ತೋಟ. ಸುಮಾರು ನೂರು ಬಗೆಯ ಗಿಡಗಳಿವೆ, ಎಲ್ಲವೂ ವಿಷದವೇ.

ಡಚೆಸ್ ಮೊದಲು ಎಣಿಸಿದ್ದು ಮೂಲಿಕೆಗಳ ತೋಟ. ಇಟಲಿಯ ಪಡುವಾದಲ್ಲಿ ವಿಷಸಸ್ಯಗಳ ತೋಟ ನೋಡಿ ಬಂದಮೇಲೆ ಮನಸ್ಸು ಬದಲಾಯಿಸಿದರಂತೆ. ಗಿಡ ಹೇಗೆ ವಾಸಿಮಾಡುತ್ತದೆ ಎಂದರೆ ಮಕ್ಕಳು ಆಕಳಿಸುತ್ತಾರೆ, ಹೇಗೆ ಕೊಲ್ಲುತ್ತದೆ ಎಂದರೆ ಕಣ್ಣರಳಿಸುತ್ತಾರೆ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿಲ್ಲ. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ಎಂಟು–ಒಂಬತ್ತು ವರ್ಷದ ಒಬ್ಬ ಹುಡುಗ.

ನನ್ನ ಎಡಗಣ್ಣು

ಇಷ್ಟು ದೂರ ಬರುವ ಚಪಲ ನನಗೆ ಹತ್ತಿದ್ದು ನನ್ನ ಎಡಗಣ್ಣಿನಿಂದ. ಬೆಂಗಳೂರಿನ ಮನೆಯ ಕಾಂಪೌಂಡಿನಲ್ಲಿ ಒಂದು ಗಿಡ ಬೆಳೆಸಿದ್ದೆ. ನರ್ಸರಿಯವನು ‘ಏಂಜಲ್ಸ್ ಟ್ರಂಪೆಟ್, ಮೇಡಂ, ಫಾರಿನ್ ಜಾತಿ’ ಎಂದು ಕೊಟ್ಟಿದ್ದ. ದೇವತೆಗಳ ಕಹಳೆ ಎಂದರೆ ಬೇಡವೆನ್ನುವವರು ಯಾರು? ಮೂರನೆಯ ವರ್ಷಕ್ಕೆ ನನ್ನ ತಲೆ ಮೀರಿ ಬೆಳೆದು, ಮೊಳದುದ್ದದ ಪೀಚ್ ಬಣ್ಣದ ಹೂಗಳನ್ನು ಗಂಟೆಗಳ ಹಾಗೆ ಇಳಿಬಿಟ್ಟಿತು. ಸಂಜೆಯಾದರೆ ಬೀದಿಗೆಲ್ಲ ಘಮ. ಒಂದು ಭಾನುವಾರ ಕತ್ತರಿ ಹಿಡಿದು ಸವರಿದೆ. ಬೆವರು ಒರೆಸಿಕೊಂಡೆ. ಅಷ್ಟೇ.

ಸಂಜೆ ಪೇಪರಿನ ಅಕ್ಷರಗಳು ಕಲಸಿದವು. ಕನ್ನಡಿಯಲ್ಲಿ ನೋಡಿದರೆ ಎಡಗಣ್ಣಿನ ಪಾಪೆ ಹಿಗ್ಗಿ, ಸುತ್ತಲಿನ ಕಂದು ಬರೀ ಒಂದು ಗೆರೆಯಾಗಿತ್ತು. ಬಲಗಣ್ಣು ಮಾಮೂಲಿನಂತಿತ್ತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಟಾರ್ಚು ಬಿಟ್ಟರು. ಪಾಪೆ ಕಿರಿದಾಗಲಿಲ್ಲ. ಮಿದುಳಿನಲ್ಲಿ ಏನೋ ಆಗಿರಬಹುದು, ತಲೆಯ ಸ್ಕ್ಯಾನ್ ಮಾಡೋಣ ಎಂದರು. ಮನೆಯವರ ಮುಖ ಬಿಳಿಚಿಕೊಂಡಿತು. ಆಗ ಪಕ್ಕದಲ್ಲಿದ್ದ ಹಿರಿಯ ನರ್ಸಮ್ಮ ಕೇಳಿದರು, “ಅಮ್ಮಾ, ಇವತ್ತು ಗಿಡಗಿಡ ಏನಾದ್ರೂ ಕತ್ತರಿಸಿದ್ರಾ?”

ಮೂರು ದಿನಕ್ಕೆ ಕಣ್ಣು ಸರಿಹೋಯಿತು. ಫೋನಿನಲ್ಲಿ ಅಮ್ಮನಿಗೆ ಗಿಡದ ವರ್ಣನೆ ಕೊಟ್ಟೆ. ಪೂರ್ತಿ ಕೇಳುವ ಮೊದಲೇ ಅವಳು ಅಂದಳು, “ಅದು ಉಮ್ಮತ್ತಿ ಜಾತಿ ಕಣೇ. ಹೂ ನೋಡಿದ್ರೆ ಗೊತ್ತಾಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಉಮ್ಮತ್ತಿಯ ಹೂವು ಮುಗಿಲು ನೋಡುತ್ತದೆ, ಇದು ನೆಲ ನೋಡುತ್ತದೆ. ಉಮ್ಮತ್ತಿಯ ಕಾಯಿಗೆ ಮುಳ್ಳು, ಇದರದು ನುಣುಪು. ಉಮ್ಮತ್ತಿ ಮೊಣಕಾಲೆತ್ತರದ ಗಿಡ, ಇದು ಸಣ್ಣ ಮರ. ಆದರೆ ರಕ್ತ ಒಂದೇ. 1753ರಲ್ಲಿ ಲಿನೇಯಸ್ ಕೂಡ ಇದನ್ನು ದತ್ತೂರದ ಕುಲಕ್ಕೇ ಸೇರಿಸಿದ್ದ. 1805ರಲ್ಲಿ ಪೆರ್ಸೂನ್ ಎಂಬ ಸಸ್ಯಶಾಸ್ತ್ರಜ್ಞ ಬೇರೆ ಮಾಡಿ, ಡಚ್ ವಿದ್ವಾಂಸ ಬ್ರುಗ್‌ಮಾನ್ಸ್‌ನ ಹೆಸರಿನಲ್ಲಿ ಬ್ರುಗ್‌ಮಾನ್ಸಿಯ ಎಂದು ಕರೆದ.

ಊರಿನವರೇ ಎದುರಾದಂತೆ

ಗೇಟು ತೆರೆಯಿತು. ಸೊಪ್ಪು ಸುತ್ತಿಕೊಂಡ ಸುರಂಗದಂಥ ದಾರಿ ದಾಟಿದರೆ ಗಿಡಗಳ ಪಾತಿಗಳು. ಕೆಲವು ಗಿಡಗಳು ಪಂಜರದೊಳಗಿವೆ. ಗಾಂಜಾ, ಕೋಕಾ ಬೆಳೆಸುವುದಕ್ಕೆ ಇಲ್ಲಿ ಸರ್ಕಾರದ ಪರವಾನಗಿ ಬೇಕು. ಮಕ್ಕಳಿಗೆ ಮಾದಕವಸ್ತುಗಳ ಪಾಠ ಹೇಳುವುದಕ್ಕೆಂದೇ ಅವನ್ನು ಇಟ್ಟಿದ್ದಾರೆ.

ನಾನು ನಿಂತದ್ದು ಹರಳು ಗಿಡದ ಮುಂದೆ. ಹಸ್ತದಂಥ ಎಲೆ, ಕೆಂಪು ಕಾಂಡ, ಮುಳ್ಳುಮುಳ್ಳು ಕಾಯಿ. ಅನುಮಾನವೇ ಇಲ್ಲ, ಉತ್ತರ ಕರ್ನಾಟಕದವರ ಔಡಲ. ಮಾರ್ಗದರ್ಶಿ ರೈಸಿನ್ ಎಂಬ ಅದರ ವಿಷದ ಬಗ್ಗೆ, 1978ರಲ್ಲಿ ಲಂಡನ್ನಿನಲ್ಲಿ ಆ ವಿಷಕ್ಕೆ ಬಲಿಯಾದ ಬಲ್ಗೇರಿಯದ ಲೇಖಕ ಮಾರ್ಕೊವ್ ಬಗ್ಗೆ ಹೇಳುತ್ತಿದ್ದರೆ, ನನ್ನ ಕಣ್ಣ ಮುಂದೆ ಅಜ್ಜಿಯ ಹಿತ್ತಲಿನ ಒಲೆ. ಅಜ್ಜಿ ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಗಂಟೆಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆಯುತ್ತಿದ್ದಳು. ರೈಸಿನ್ ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ, ಬಿಸಿಗೆ ಸಾಯುತ್ತದೆ. ಇದು ಅಜ್ಜಿಗೆ ಗೊತ್ತಿರಲಿಲ್ಲ. ಹರಳು ಹಿಂಡಿಯನ್ನು ಹಸುವಿನ ಬಾನಿಗೆ ಹಾಕಬಾರದು, ತೆಂಗಿನ ಬುಡಕ್ಕೆ ಹಾಕಬೇಕು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮುಂದೆ ಸ್ಟ್ರಿಕ್ನಿನ್ನಿನ ಮರ. ನಮ್ಮ ಕಾಸರಕ. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದ ಎಂದು ಹೇಳುವುದುಂಟು. ಸಾವಿರಾರು ಮೈಲಿ ದೂರದಲ್ಲಿ ಊರ ಕಡೆಯವರು ಸೆರೆಮನೆಯಲ್ಲಿ ಸಿಕ್ಕಂತೆ ಆಯಿತು.

ಆಮೇಲೆ ಅವಳೇ ಸಿಕ್ಕಳು, ನನ್ನ ಎಡಗಣ್ಣಿನ ಶತ್ರು. ಬ್ರುಗ್‌ಮಾನ್ಸಿಯಕ್ಕೆ ಹಿಮ ತಡೆಯುವುದಿಲ್ಲ. ಇಲ್ಲಿಯ ಚಳಿಗಾಲದಲ್ಲಿ ಅದನ್ನು ಬೆಚ್ಚಗೆ ಒಳಗಿಟ್ಟು ಕಾಯಬೇಕು. ತವರು ದಕ್ಷಿಣ ಅಮೆರಿಕ. ಆದರೆ ತವರಿನ ಕಾಡಿನಲ್ಲೇ ಈಗ ಇಲ್ಲ. ಈ ಕುಲದ ಎಲ್ಲ ಜಾತಿಗಳನ್ನೂ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ‘ಕಾಡಿನಲ್ಲಿ ಅಳಿದವು’ ಎಂದು ನಮೂದಿಸಿದೆ. ಉಳಿದಿರುವುದು ಮನುಷ್ಯ ನೆಟ್ಟದ್ದು, ನೆಟ್ಟಲ್ಲಿಂದ ತಪ್ಪಿಸಿಕೊಂಡದ್ದು. ನೀಲಗಿರಿಯ ಹಳ್ಳದಂಚುಗಳಲ್ಲಿ ಬಿಳಿ ಗಂಟೆಗಳನ್ನು ತೂಗಿಕೊಂಡು ನಿಂತಿರುವುದು ಇಂಥ ತಪ್ಪಿಸಿಕೊಂಡ ಸಂತತಿಯೇ. ಬೆಳೆಸುವುದು ಸುಲಭ ಎಂಬುದೇ ಅದರ ಅದೃಷ್ಟ. ಬೆರಳು ಗಾತ್ರದ ಕಡ್ಡಿಯನ್ನು ಮಳೆಗಾಲದಲ್ಲಿ ಒದ್ದೆ ಮಣ್ಣಿಗೆ ಚುಚ್ಚಿದರೆ ಸಾಕು, ಚಿಗುರುತ್ತದೆ. ಗೊಬ್ಬರ, ನೀರು ಎಷ್ಟಿದ್ದರೂ ಕುಡಿಯುತ್ತದೆ. ಕೊಡಗಿನಂಥ ತಂಪು ಸೀಮೆಯೆಂದರೆ ಅದಕ್ಕೆ ಹಬ್ಬ.

ಕಪ್ಪು ಹಣ್ಣು

ತೋಟದ ನಿಜವಾದ ರಾಣಿ ಇನ್ನೂ ಮುಂದಿದ್ದಳು. ನೋಡಿದರೆ ರಾಣಿಯ ಲಕ್ಷಣ ಏನೂ ಇಲ್ಲ. ಸೊಂಟದೆತ್ತರದ ಪೊದೆ. ಮಾಸಲು ಹಸಿರು ಎಲೆ, ಒಂದು ದೊಡ್ಡದು, ಮಗ್ಗುಲಲ್ಲೇ ಒಂದು ಚಿಕ್ಕದು. ಎಲೆಯ ಸಂದಿನಲ್ಲಿ ಒಂಟಿ ಹೂ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಒಗೆದು ಒಗೆದು ಬಣ್ಣ ಹೋದ ನೇರಳೆ ಸೀರೆಯ ಹಾಗೆ. ಅದೇ ಕೊಂಬೆಯಲ್ಲಿ ಹಣ್ಣು: ಐದು ಚೂಪಿನ ಹಸಿರು ತಟ್ಟೆಯ ನಡುವೆ ಒಂದೇ ಒಂದು ಕಪ್ಪು ಮಣಿ. ಎಣ್ಣೆ ಸವರಿದಂತೆ ಹೊಳಪು. ಸೋನೆಯ ಹನಿ ಅದರ ಮೇಲೆ ನಿಲ್ಲದೆ ಜಾರುತ್ತಿತ್ತು.

ನನ್ನ ಬಾಯಲ್ಲಿ ನೀರೂರಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಊರಿತು. ಗಣಿಕೆ ಹಣ್ಣು! ಶಾಲೆಯಿಂದ ಬರುವಾಗ ಬೇಲಿಸಾಲಿನಲ್ಲಿ ಕಿತ್ತು, ಲಂಗದ ಮಡಿಲಿಗೆ ತುಂಬಿಕೊಂಡು, ನಾಲಿಗೆ ನೇರಳೆಯಾಗುವವರೆಗೆ ತಿನ್ನುತ್ತಿದ್ದ ಅದೇ ಕಪ್ಪು.

“ಬ್ಲೂಬೆರಿ ತರ ಇದೆ ಅಲ್ವಾ ದೊಡ್ಡಮ್ಮ?” ಎಂದಳು ಪಕ್ಕದಲ್ಲಿದ್ದವಳು.

ಅವಳ ಬಾಲ್ಯ ಒಂದು ಹಣ್ಣನ್ನು ನೆನೆಯಿತು, ನನ್ನದು ಇನ್ನೊಂದನ್ನು. ಇಬ್ಬರದೂ ತಪ್ಪು. ಇದು ಬೆಲ್ಲಡೋನ. ಇದರ ಹಣ್ಣು ಸಿಹಿಯಾಗಿರುತ್ತದೆ ಎಂಬುದೇ ಭಯಂಕರ. ಕಹಿಯಾಗಿದ್ದರೆ ಮಗು ಉಗಿಯುತ್ತಿತ್ತು. ಹಕ್ಕಿಗಳು ತಿಂದು ಬೀಜ ಹರಡುತ್ತವೆ, ಅವಕ್ಕೆ ಏನೂ ಆಗುವುದಿಲ್ಲ. ಕೆಲವು ಮೊಲಗಳು ಸೊಪ್ಪನ್ನೇ ಮೇಯುತ್ತವೆ, ಈ ವಿಷವನ್ನು ಮುರಿಯುವ ಕಿಣ್ವ ಅವುಗಳ ರಕ್ತದಲ್ಲಿದೆ. ಆ ಮೊಲದ ಮಾಂಸ ತಿಂದವರಿಗೆ ತೊಂದರೆಯಾದದ್ದುಂಟು.

ಗಣಿಕೆಗೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ, ನಿಂತು ನೋಡಿದರೆ. ಗಣಿಕೆ ಹಣ್ಣು ಬಟಾಣಿಗಿಂತ ಕಿರಿದು, ಗೊಂಚಲಲ್ಲಿ ಐದಾರು ಒಟ್ಟಿಗೆ ಇರುತ್ತದೆ. ಹೂವು ಬದನೆ ಹೂವಿನ ಚಿಕ್ಕ ಬಿಳಿ ಪ್ರತಿ. ಬೆಲ್ಲಡೋನ ಚೆರ್ರಿ ಗಾತ್ರ, ಒಂಟಿ, ಕೆಳಗೆ ನಕ್ಷತ್ರದ ತಟ್ಟೆ. ಎರಡೂ ಒಂದೇ ಕುಟುಂಬದವು. ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಹೊಗೆಸೊಪ್ಪು, ಅಶ್ವಗಂಧ, ಉಮ್ಮತ್ತಿ ಇವೆಲ್ಲ ದಾಯಾದಿಗಳು. ನಮ್ಮ ಒಂದು ದಿನದ ಹುಳಿ–ಪಲ್ಯದ ಅರ್ಧ ಸಾಮಾನು ಈ ಬಳಗದ್ದೇ.

ಇದನ್ನು ಬೆಳೆಸುವವರಿಗೆ ತಾಳ್ಮೆ ಬೇಕು. ಬೀಜ ಬೇಗ ಮೊಳೆಯುವುದಿಲ್ಲ. ಕೆಲವು ವಾರ ಚಳಿ ತಾಗಿದರೆ ಮಾತ್ರ ಸರಿಯಾಗಿ ಕಣ್ಣು ಬಿಡುತ್ತದೆ, ಒಂದು ಇವತ್ತು, ಒಂದು ಮುಂದಿನ ತಿಂಗಳು. ಸುಣ್ಣದಂಶದ ಮಣ್ಣು, ಅರೆನೆರಳು ಇಷ್ಟ. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಸತ್ತು, ದಪ್ಪ ಬೇರು ಮಣ್ಣೊಳಗೆ ಮಲಗಿ, ವಸಂತಕ್ಕೆ ಮತ್ತೆ ಏಳುತ್ತದೆ. ಬೇರು, ಎಲೆ, ಹಣ್ಣು, ಎಲ್ಲದರಲ್ಲೂ ವಿಷ. ಕೈಗವಸಿಲ್ಲದೆ ಕೆಲಸವಿಲ್ಲ. ನಮ್ಮ ಬಯಲುಸೀಮೆಯ ಬಿಸಿಲಿಗೆ ಇದು ಬಾಳುವ ಗಿಡವಲ್ಲ. ಆದರೆ ಇದರ ಸೋದರ ಜಾತಿಯೊಂದು ಕಾಶ್ಮೀರದ ಕಡೆಯ ಹಿಮಾಲಯದಲ್ಲಿದೆ.

ವಿಷದ ಹೆಸರು, ಔಷಧಿಯ ಹೆಸರು

ಇಟಲಿ ಭಾಷೆಯಲ್ಲಿ ಬೆಲ್ಲಡೋನ ಎಂದರೆ ಚೆಲುವೆ. ಇದರ ರಸವನ್ನು ಕಣ್ಣಿಗೆ ಬಿಟ್ಟುಕೊಂಡು ಪಾಪೆ ಹಿಗ್ಗಿಸಿ ಅಲ್ಲಿಯ ಹೆಂಗಸರು ಚೆಲುವೆಯರಾಗುತ್ತಿದ್ದರು ಎಂಬ ಕತೆಯಿದೆ. ನನ್ನ ಎಡಗಣ್ಣು ಒಂದು ಭಾನುವಾರ ಅಂಥ ಚೆಲುವೆಯಾಗಿತ್ತು ಎಂದಾಯಿತು! ಲಿನೇಯಸ್ ಮೋಸಹೋಗಲಿಲ್ಲ. ಆ ಹೆಸರಿನ ಮುಂದೆ ‘ಅಟ್ರೋಪ’ ಎಂದು ಸೇರಿಸಿದ. ಗ್ರೀಕರ ಪುರಾಣದಲ್ಲಿ ಬಾಳಿನ ನೂಲನ್ನು ಒಬ್ಬಳು ನೂಲುತ್ತಾಳೆ, ಒಬ್ಬಳು ಅಳೆಯುತ್ತಾಳೆ, ಮೂರನೆಯವಳು ಕತ್ತರಿಸುತ್ತಾಳೆ. ಕತ್ತರಿಸುವವಳ ಹೆಸರು ಅಟ್ರೊಪೋಸ್.

ಅದರಿಂದಲೇ ಅಟ್ರೋಪಿನ್ ಎಂಬ ಹೆಸರು. 1830ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ರಸಾಯನಜ್ಞರು ಬೆಲ್ಲಡೋನದಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಈಗ ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಇಲ್ಲಿ ನಿಂತು ನಾನು ಯೋಚಿಸಿದ್ದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಬಗ್ಗೆ. ಹೊಲಕ್ಕೆ ಕೀಟನಾಶಕ ಹೊಡೆಯುವಾಗ ಮೈಮೇಲೆ ಚೆಲ್ಲಿಕೊಂಡವರು, ತಿಳಿಯದೆ ಕುಡಿದವರು ಅಲ್ಲಿಗೆ ಬರುತ್ತಾರೆ. ರಂಜಕದ ಆ ಕೀಟನಾಶಕಗಳು ಮೈಯನ್ನು ಒದ್ದೆ ಮಾಡಿ ಕೊಲ್ಲುತ್ತವೆ: ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಶ್ವಾಸಕೋಶದಲ್ಲಿ ನೀರು, ಸಾಸಿವೆಯಷ್ಟಾದ ಪಾಪೆ, ನಿಧಾನವಾಗುವ ಎದೆಬಡಿತ. ಅಟ್ರೋಪಿನ್ ಮಾಡುವುದು ಇದರ ತದ್ವಿರುದ್ಧ. ಬಾಯಿ ಒಣಗಿಸುತ್ತದೆ, ಎದೆ ಬಡಿಸುತ್ತದೆ, ಪಾಪೆ ಹಿಗ್ಗಿಸುತ್ತದೆ. ಎದೆಯ ಗೊರಗೊರ ನಿಲ್ಲುವವರೆಗೆ ಇಂಜೆಕ್ಷನ್ ಕೊಡುತ್ತಲೇ ಇರುತ್ತಾರೆ. ಎಷ್ಟೋ ಜನ ಹೀಗೆ ಬದುಕಿ ಮನೆಗೆ ಹೋಗಿದ್ದಾರೆ.

ಆದರೆ ಹೆಸರುಗಳನ್ನು ನೋಡಿ. ಬೆಳೆಗೆ ಹೊಡೆಯುವ ಆ ವಿಷವನ್ನು ನಾವು ಕರೆಯುವುದು ‘ಔಷಧಿ’ ಎಂದು. ಔಷಧಿ ಹೊಡೆಯೋಕೆ ಹೋಗಿದ್ದಾನೆ ಎನ್ನುತ್ತೇವೆ, ಔಷಧಿ ಡಬ್ಬ ಅಟ್ಟದ ಮೇಲಿದೆ ಎನ್ನುತ್ತೇವೆ. ಆ ‘ಔಷಧಿ’ಯಿಂದ ಬದುಕಿಸುವ ಅಟ್ರೋಪಿನ್ ಬಂದದ್ದು, ಬೀಗ ಹಾಕಿ ‘ವಿಷ’ ಎಂದು ಬರೆದ ಈ ಪೊದೆಯಿಂದ.

ಹೆಸರಿನ ವಿಷಯದಲ್ಲಿ ಹಳಬರು ಇಷ್ಟು ಉಡಾಫೆ ಮಾಡಿರಲಿಲ್ಲ. ಉಮ್ಮತ್ತಿ ಎಂಬ ಮಾತಿನಲ್ಲೇ ಉನ್ಮತ್ತವಿದೆ: ತಿಂದರೆ ಹುಚ್ಚು. ಅದಕ್ಕೆ ಇನ್ನೊಂದು ಹೆಸರು ಮದಗುಣಿಕೆ. ಗಣಿಕೆ, ಮದಗುಣಿಕೆ; ಕಿವಿಗೆ ಅಕ್ಕತಂಗಿಯರಂತೆ ಕೇಳುವ ಎರಡು ಹೆಸರು, ಒಂದು ತಿನ್ನುವುದು, ಇನ್ನೊಂದರ ಹಣೆಯ ಮೇಲೇ ‘ಮದ’ ಎಂದು ಬರೆದಿದೆ. ಶಿವರಾತ್ರಿಗೆ ಬಿಲ್ವಪತ್ರೆಯ ಜೊತೆ ಉಮ್ಮತ್ತಿ ಹೂವು ಏರುತ್ತದೆ, ವಿಷ ಕುಡಿದು ಅರಗಿಸಿಕೊಂಡವನಿಗೆ. ಆ ಹೂವನ್ನು ಯಾರೂ ಮುಡಿಯುವುದಿಲ್ಲ, ಪ್ರಸಾದವೆಂದು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಕಬ್ಬಿಣದ ಗೇಟಿಲ್ಲದ ಊರಿನಲ್ಲಿ ಆ ಹೆಸರೂ ಆ ರೂಢಿಯೂ ಸೇರಿ ಬೇಲಿ ಹಾಕಿದ್ದವು.

ಬೇಲಿ ಹಾರಿದವರೂ ಇದ್ದರು ಅನ್ನಿ. ದತ್ತೂರಿ ಬೀಜವನ್ನು ತಿಂಡಿಯಲ್ಲಿ ಬೆರೆಸಿ ದಾರಿಹೋಕರನ್ನು ಮಂಕುಮಾಡಿ ದೋಚುತ್ತಿದ್ದ ಕಳ್ಳರ ಕಥೆ ಹಳೆಯದು. ನಮ್ಮ ವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ಪರೀಕ್ಷೆಗೆಂದು ದತ್ತೂರಿ ಬೀಜಕ್ಕೂ ಮೆಣಸಿನಕಾಯಿ ಬೀಜಕ್ಕೂ ಇರುವ ವ್ಯತ್ಯಾಸವನ್ನು ಪಟ್ಟಿ ಮಾಡಿ ಕಲಿಯುತ್ತಾರೆ. ಮೆಣಸಿನದು ತೆಳು ಹಳದಿ, ಖಾರ. ದತ್ತೂರಿಯದು ಕಂದು, ಕಿವಿಯಾಕಾರ, ಕಹಿ.

ಒಂದು ಗಂಟೆಯೊಳಗೆ ಸುತ್ತು ಮುಗಿಯಿತು. ಗೇಟಿಗೆ ಮತ್ತೆ ಬೀಗ ಬಿತ್ತು. ಮುಂದೆ ನಿಂತಿದ್ದ ಹುಡುಗ ಅಪ್ಪನ ಕೈ ಹಿಡಿದು, ತಾನು ಕಲಿತ ಹೆಸರುಗಳನ್ನು ಒಂದೊಂದಾಗಿ ಒಪ್ಪಿಸುತ್ತ ಹೋದ. ನಾವು ಹಳೆಯ ರೈಲ್ವೆ ನಿಲ್ದಾಣಕ್ಕೆ ನಡೆದೆವು. 1968ರಲ್ಲಿ ರೈಲು ನಿಂತ ಆ ಕಟ್ಟಡದಲ್ಲಿ ಈಗ ಹಳೆ ಪುಸ್ತಕಗಳ ದೊಡ್ಡ ಅಂಗಡಿಯಿದೆ. ಟೀ ಕುಡಿಯುತ್ತ ಅವಳು ಕೇಳಿದಳು, “ಗಣಿಕೆ ಅಂದ್ರೆ ಯಾವುದು ದೊಡ್ಡಮ್ಮ? ನಾನು ನೋಡಿದೀನಾ?” ನೋಡಿರುತ್ತಾಳೆ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಗಣಿಕೆಯೂ ಇದೆ, ಉಮ್ಮತ್ತಿಯೂ ಇದೆ. ಆದರೆ ಅವಳಿಗೆ ಎರಡೂ ‘ಕಳೆ’. ಹೆಸರು ಹೋದಲ್ಲಿ ಬೇಲಿಯೂ ಹೋಯಿತು.

ಆ ಅಂಗಡಿಯಲ್ಲಿ ಕೂತೇ ಒಂದು ತೀರ್ಮಾನ ಮಾಡಿದೆ. ನನ್ನ ಮನೆಯ ಗಿಡವನ್ನು ಕಡಿಸುವುದಿಲ್ಲ. ತವರಿನ ಕಾಡಿನಲ್ಲೇ ಇಲ್ಲದ ಜೀವ, ನಮ್ಮ ಕಾಂಪೌಂಡಿನಲ್ಲಾದರೂ ಇರಲಿ. ಬಂದ ಮೇಲೆ ಮಾಡಿದ್ದಿಷ್ಟು: ಗಿಡಕ್ಕೆ ತಗಡಿನ ಹಲಗೆ ಕಟ್ಟಿ ಕನ್ನಡದಲ್ಲಿ ‘ಮರ ಉಮ್ಮತ್ತಿ, ವಿಷ’ ಎಂದು ಬರೆಸಿದೆ. ಬೀದಿಯ ಕಡೆಗೆ ಬಾಗಿದ ಕೊಂಬೆ ತೆಗೆಸಿದೆ. ಸವರುವಾಗ ಕೈಗವಸು, ಕನ್ನಡಕ. ಕತ್ತರಿಸಿದ ಸೊಪ್ಪು ಹಸು ಬರುವ ಕಡೆ ಬಿಸಾಡುವುದಿಲ್ಲ, ಸುಡುವುದೂ ಇಲ್ಲ, ಗುಂಡಿಯಲ್ಲಿ ಹೂಳುತ್ತೇನೆ. ಎದುರುಮನೆಯ ಮಕ್ಕಳು ಈಗ ಆ ಗಿಡವನ್ನು ಹೆಸರು ಹಿಡಿದೇ ಕರೆಯುತ್ತಾರೆ.

ನೀವೂ ಮನೆಯ ಮಕ್ಕಳನ್ನು ಒಮ್ಮೆ ಖಾಲಿ ಸೈಟಿನ ಹತ್ತಿರ ಕರೆದುಕೊಂಡು ಹೋಗಿ ಎರಡೂ ಗಿಡ ತೋರಿಸಿ, ಹೆಸರು ಹೇಳಿ. ಯಾರಾದರೂ ಇಂಥ ಗಿಡ ತಿಂದು ಬಾಯಿ ಒಣಗಿ, ಮೈ ಕಾದು, ಪಾಪೆ ಹಿಗ್ಗಿ, ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಬಡಬಡಿಸಿದರೆ ಹುಣಸೆ ನೀರು, ಮಜ್ಜಿಗೆ, ವಾಂತಿ ಮಾಡಿಸುವುದು ಎಂದು ಹೊತ್ತು ಕಳೆಯಬೇಡಿ. ನೇರ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಗಿಡದ ಒಂದು ಟೊಂಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ. ಅಲ್ಲಿ ಡಾಕ್ಟರು ಮೊದಲು ಕೇಳುವುದು, ತಿಂದದ್ದು ಯಾವ ಗಿಡ ಎಂದೇ.